ಓಡಲು ಬಲ ಬೇಡ ಅಂದ ಮೇಲೆ ಆಕ್ಸಿಲರೇಟರ್ ಯಾಕೆ ಒತ್ತಬೇಕು?

ವಿಜ್ಞಾನ ಟೀಚರ್

ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯ ಪಾಠ ನಡೆಯುತ್ತಿದೆ. ನಿನ್ನೆ ನ್ಯೂಟನ್ನನ ಮೊದಲ ನಿಯಮ ಹೇಳಿ ಮುಗಿಸಿದೆ. ಹೊರಗಿನಿಂದ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಓಡುವ ವಸ್ತು ಅದೇ ವೇಗದಲ್ಲಿ ನೆಟ್ಟಗೆ ಓಡುತ್ತಲೇ ಇರುತ್ತದೆ. ಆಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಟೀಚರ್, ಕಾರು ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಡ್ರೈವರ್ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯೋದೇ ಇಲ್ಲವಲ್ಲ, ಯಾಕೆ? ವೇಗ ಬದಲಾಗದಿದ್ದರೆ ಬಲ ಸೊನ್ನೆ ಅಂತ ಮುಂದಿನ ಪುಟದಲ್ಲಿದೆ. ಹಾಗಾದರೆ ಎಂಜಿನ್ ಏನು ಮಾಡ್ತಿದೆ?"

ಘರ್ಷಣೆಯಿಂದಾಗಿ ಅಂತ ಹೇಳಿದೆ. ಅವಳು ತಲೆ ಆಡಿಸಿದಳು, ಆದರೆ ಮುಖ ನೋಡಿದರೆ ಒಪ್ಪಿದ ಹಾಗೆ ಕಾಣಲಿಲ್ಲ. ಒಂದು ಪದದ ಉತ್ತರ ಕೊಟ್ಟು ಮುಂದೆ ಹೋಗೋದು ನನಗೂ ಇಷ್ಟವಿಲ್ಲ. ಈ ಒಂದು ವಿಷಯ ಸರಿಯಾಗಿ ಕೂತರೆ ಮುಂದಿನ ಭೌತಶಾಸ್ತ್ರವೆಲ್ಲ ಹಗುರವಾಗುತ್ತದೆ. ನೀವಾಗಿದ್ದರೆ ಅವಳಿಗೆ ಹೇಗೆ ಹೇಳುತ್ತಿದ್ದಿರಿ?

---

ಎಂಜಿನ್ ಡಿಸೈನ್

ಟೀಚರ್, ಅವಳಿಗೆ ಲೆಕ್ಕ ತೋರಿಸಿ. ಘರ್ಷಣೆ ಅನ್ನೋ ಪದಕ್ಕೆ ಒಂದು ಅಂಕಿ ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

1200 ಕೆ.ಜಿ. ತೂಗುವ ಸಾಮಾನ್ಯ ಕಾರು ತೆಗೆದುಕೊಳ್ಳಿ. ಸಮತಟ್ಟು ಡಾಂಬರು ರಸ್ತೆ. ಟೈರು ಉರುಳುವಾಗ ಸ್ವಲ್ಪ ಅಮುಕಿ ಮತ್ತೆ ಉಬ್ಬುತ್ತದೆ, ಅದರಲ್ಲೇ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಈ ಉರುಳು ತಡೆ ಕಾರಿನ ತೂಕದ ನೂರನೇ ಒಂದು ಭಾಗದಷ್ಟು. ಅಂದರೆ ಸುಮಾರು 12 ಕೆ.ಜಿ. ಭಾರದಷ್ಟು, ಬಲದ ಅಳತೆಯಾದ ನ್ಯೂಟನ್ ಲೆಕ್ಕದಲ್ಲಿ ಸುಮಾರು 120 ನ್ಯೂಟನ್. ಇದು ವೇಗ ಹೆಚ್ಚಾದರೂ ಜಾಸ್ತಿ ಬದಲಾಗುವುದಿಲ್ಲ.

ಗಾಳಿಯ ತಡೆ ಹಾಗಲ್ಲ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಹೋಗುವಾಗ ಇಂಥ ಕಾರಿಗೆ ಸುಮಾರು 195 ನ್ಯೂಟನ್. 120 ಕಿ.ಮೀ.ಗೆ ಹೋದರೆ ಸುಮಾರು 440.

ಈಗ 80ರಲ್ಲಿ ನೋಡಿ. ಹಿಂದಕ್ಕೆ ಎಳೆಯುವ ಬಲ ಒಟ್ಟು 315 ನ್ಯೂಟನ್ ಆಸುಪಾಸು. ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಕಾರನ್ನು ಮುಂದಕ್ಕೆ ಅಷ್ಟೇ 315 ನ್ಯೂಟನ್ ಬಲದಿಂದ ತಳ್ಳುತ್ತದೆ. ಎರಡನ್ನೂ ಕೂಡಿಸಿದರೆ ಸೊನ್ನೆ. ನಿಯಮ ಹೇಳುವುದು ಈ ಕೂಡಿಸಿ ಬಂದ ಬಲದ ಮಾತು. ಒಂದೊಂದು ಬಲವೂ ಸೊನ್ನೆ ಅಂತ ಅದು ಎಲ್ಲೂ ಹೇಳಿಲ್ಲ.

ಡ್ರೈವರ್ ಕಾಲು ತೆಗೆದು ಗೇರನ್ನು ನ್ಯೂಟ್ರಲ್‌ಗೆ ತಂದರೆ ಮುಂದಿನ ಬಲ ಹೋಯಿತು, ಹಿಂದಿನ 315 ಉಳಿಯಿತು. ಅದನ್ನು 1200ರಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಗಂಟೆಗೆ ಒಂದು ಕಿ.ಮೀ.ಗಿಂತ ಸ್ವಲ್ಪ ಕಡಿಮೆ ವೇಗ ಇಳಿಯುತ್ತದೆ. (ಓಡಾಟ ಇರುವ ರಸ್ತೆಯಲ್ಲಿ ಯಾರೂ ಇದನ್ನು ಮಾಡಿ ನೋಡಬೇಡಿ, ಕಾಗದದ ಮೇಲೆ ಸಾಕು.) ಕಾಲು ತೆಗೆದ ಮರುಕ್ಷಣ ಕಾರು ನಿಲ್ಲುವುದಿಲ್ಲ ಅನ್ನೋದನ್ನು ಅವಳಿಗೆ ಒತ್ತಿ ಹೇಳಿ. ಓಟಕ್ಕೆ ಎಂಜಿನ್ನೇ ಕಾರಣ ಆಗಿದ್ದರೆ ಎಂಜಿನ್ ಬಲ ನಿಂತ ಕೂಡಲೇ ಓಟವೂ ನಿಲ್ಲಬೇಕಿತ್ತು. ಎಂಜಿನ್ ಆಗ ಮಾಡುತ್ತಿದ್ದದ್ದು ತಡೆಗಳ ಸಾಲ ತೀರಿಸುವ ಕೆಲಸ ಮಾತ್ರ.

---

ಕೊನೇ ಬೆಂಚು

ನಾನು ವಿದ್ಯಾರ್ಥಿ. ಒಂದು ಡೌಟು. ಎರಡೂ ಬಲ ಸಮ ಆದರೆ ಕಾರು ನಿಲ್ಲಬೇಕಲ್ವಾ? ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸಮ ಆದರೆ ಯಾರೂ ಅಲುಗಾಡುವುದಿಲ್ಲ. ಮುಂದೆ ಹೋಗಬೇಕು ಅಂದರೆ ಮುಂದಿನ ಬಲ ಚೂರಾದರೂ ಜಾಸ್ತಿ ಇರಬೇಕು ಅನ್ನಿಸುತ್ತದೆ.

---

ಎಂಜಿನ್ ಡಿಸೈನ್

ಹಗ್ಗ ಜಗ್ಗಾಟದಲ್ಲಿ ಶುರುವಿಗೇ ಎಲ್ಲರೂ ನಿಂತಿದ್ದಾರೆ. ಅದಕ್ಕೇ ಬಲ ಸಮ ಇದ್ದರೆ ನಿಂತೇ ಇರುತ್ತಾರೆ. ಮೊದಲೇ ಓಡುತ್ತಿದ್ದದ್ದಕ್ಕೆ ಬಲ ಸಮ ಆದರೆ ಅದು ಓಡುತ್ತಲೇ ಇರುತ್ತದೆ. ಸಮ ಅಂದರೆ "ಈಗ ಹೇಗಿದೆಯೋ ಹಾಗೇ ಇರಲಿ" ಅಂತ.

ಮುಂದಿನ ಬಲ ಚೂರು ಜಾಸ್ತಿ ಇದ್ದರೆ ಕಾರು ಚೂರು ಚೂರೇ ವೇಗ ಏರಿಸಿಕೊಳ್ಳುತ್ತಾ ಹೋಗುತ್ತದೆ. ಎಲ್ಲಿಯವರೆಗೆ? ಗಾಳಿಯ ತಡೆ ಬೆಳೆದು ಮತ್ತೆ ಸಮ ಆಗುವವರೆಗೆ. ಪ್ರತಿ ಗಾಡಿಗೂ ಇಷ್ಟೇ ಅಂತ ಒಂದು ಗರಿಷ್ಠ ವೇಗ ಇರುವುದು ಇದರಿಂದಲೇ.

ಲಿಫ್ಟ್ ಉದಾಹರಣೆ ನೋಡು. ಲಿಫ್ಟ್ ಒಂದೇ ವೇಗದಲ್ಲಿ ಮೇಲೆ ಹೋಗುತ್ತಿದೆ. ಮೇಲಿನ ಹಗ್ಗದ ಎಳೆತ ಲಿಫ್ಟಿನ ತೂಕಕ್ಕಿಂತ ಜಾಸ್ತಿಯೋ, ಸಮವೋ? ಹತ್ತು ಜನರನ್ನು ಕೇಳಿದರೆ ಹೆಚ್ಚಿನವರು ಜಾಸ್ತಿ ಅನ್ನುತ್ತಾರೆ. ಸರಿ ಉತ್ತರ ಸಮ. ಹೊರಡುವಾಗ ಒಂದು ಕ್ಷಣ ಜಾಸ್ತಿ ಇರುತ್ತದೆ, ಆಗ ಕಾಲಿಗೆ ಭಾರ ಅನ್ನಿಸುತ್ತದೆ. ನಿಲ್ಲುವ ಮುಂಚೆ ಒಂದು ಕ್ಷಣ ಕಡಿಮೆ ಆಗುತ್ತದೆ, ಆಗ ಹೊಟ್ಟೆಯಲ್ಲಿ ಹಗುರ. ನಡುವೆ ಏನೂ ಅನ್ನಿಸುವುದಿಲ್ಲ. ನಿನ್ನ ಮೈಗೆ ಗೊತ್ತಾಗುವುದು ವೇಗದ ಬದಲಾವಣೆ. ವೇಗ ಅಲ್ಲ.

---

ಹಳೇ ಪುಸ್ತಕ

ಟೀಚರ್, ಆ ಹುಡುಗಿಯ ಸಂಶಯವನ್ನು ಚಿಕ್ಕದು ಅಂದುಕೊಳ್ಳಬೇಡಿ. ಮನುಷ್ಯರು ಸುಮಾರು ಎರಡು ಸಾವಿರ ವರ್ಷ ಅದೇ ಸಂಶಯದಲ್ಲಿ ಬದುಕಿದರು.

ಪ್ರಾಚೀನ ಗ್ರೀಸಿನ ಅರಿಸ್ಟಾಟಲ್ ಹೇಳಿದ್ದು, ಓಡುವ ಪ್ರತಿಯೊಂದಕ್ಕೂ ಓಡಿಸುವವನು ಬೇಕು ಅಂತ. ಗಾಡಿ ಎಳೆಯುವುದನ್ನು ಬಿಟ್ಟರೆ ಗಾಡಿ ನಿಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ಆದರೆ ಬಿಟ್ಟ ಬಾಣ? ಬಿಲ್ಲಿನಿಂದ ಆಚೆ ಹೋದ ಮೇಲೂ ಅದು ಹಾರುತ್ತದಲ್ಲ, ಅದನ್ನು ಯಾರು ತಳ್ಳುತ್ತಿದ್ದಾರೆ? ಸುತ್ತಲಿನ ಗಾಳಿಯೇ ತಳ್ಳುತ್ತದೆ ಅನ್ನೋದು ಅವನ ಉತ್ತರ. ಆರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಪಂಡಿತ ಫಿಲೊಪೊನಸ್ ಇದನ್ನು ಒಪ್ಪಲಿಲ್ಲ. ಗಾಳಿ ತಳ್ಳುವುದಾದರೆ ಬಾಣದ ಹಿಂದೆ ಗಾಳಿ ಬೀಸಿದರೇ ಸಾಕಿತ್ತಲ್ಲ ಅಂತ ಕೇಳಿದ. ಎಸೆಯುವ ಕೈ ವಸ್ತುವಿನ ಒಳಗೇ ಏನೋ ಒಂದನ್ನು ತುಂಬುತ್ತದೆ ಅಂದ. ಹದಿನಾಲ್ಕನೇ ಶತಮಾನದಲ್ಲಿ ಪ್ಯಾರಿಸ್‌ನ ಬ್ಯೂರಿಡಾನ್ ಅದನ್ನೇ ಬೆಳೆಸಿ, ಒಳಗೆ ತುಂಬಿದ್ದು ತಾನಾಗಿ ಸವೆಯುವುದಿಲ್ಲ, ಗಾಳಿ ಮತ್ತು ತೂಕ ಅದನ್ನು ಸವೆಸುತ್ತವೆ ಅಂದ. ಗುರಿಗೆ ಬಹಳ ಹತ್ತಿರ ಬಂದಿದ್ದ.

ಗೆಲಿಲಿಯೋ ಬಂದಾಗ ಪ್ರಶ್ನೆಯ ದಿಕ್ಕೇ ಬದಲಾಯಿತು. ಅವನ ಯೋಚನೆ ಹೀಗೆ ಸಾಗುತ್ತದೆ. ಇಳಿಜಾರಿನಲ್ಲಿ ಗುಂಡು ಬಿಟ್ಟರೆ ವೇಗ ಏರುತ್ತದೆ. ಏರಿಗೆ ಉರುಳಿಸಿದರೆ ವೇಗ ಇಳಿಯುತ್ತದೆ. ಏರೂ ಇಲ್ಲ, ಇಳಿಜಾರೂ ಇಲ್ಲ, ನುಣ್ಣನೆ ಸಮತಟ್ಟು ಅಂತಾದರೆ? ವೇಗ ಏರಲು ಕಾರಣವಿಲ್ಲ, ಇಳಿಯಲೂ ಕಾರಣವಿಲ್ಲ. ಇನ್ನೊಂದು ರೀತಿ ನೋಡಿ: ಒಂದು ಇಳಿಜಾರು, ಎದುರಿಗೆ ಒಂದು ಏರು. ಬಿಟ್ಟ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಬಿಟ್ಟಷ್ಟೇ ಎತ್ತರಕ್ಕೆ ಹತ್ತುತ್ತದೆ. ಎದುರಿನ ಏರನ್ನು ತಗ್ಗಿಸಿ, ಅದೇ ಎತ್ತರ ಮುಟ್ಟಲು ಗುಂಡು ಜಾಸ್ತಿ ದೂರ ಹೋಗಬೇಕಾಗುತ್ತದೆ. ಇನ್ನೂ ತಗ್ಗಿಸಿ, ಇನ್ನೂ ದೂರ. ಪೂರ್ತಿ ಮಲಗಿಸಿಬಿಟ್ಟರೆ ಆ ಎತ್ತರ ಎಂದೂ ಸಿಗುವುದಿಲ್ಲ, ಗುಂಡು ಹೋಗುತ್ತಲೇ ಇರಬೇಕು.

ನನಗೆ ಇದು ಇಡೀ ವಿಜ್ಞಾನದಲ್ಲೇ ತುಂಬಾ ಸುಂದರವಾದ ಯೋಚನೆ ಅನ್ನಿಸುತ್ತದೆ. ಯಾರೂ ನೋಡಲಾಗದ ಒಂದನ್ನು, ನೋಡಬಹುದಾದ ಹಲವನ್ನು ಸಾಲಾಗಿ ಇಟ್ಟು ಕಾಣಿಸಿದ. ಇಳಿಜಾರಿನ ಈ ಕೆಲಸ 1638ರಲ್ಲಿ ಪುಸ್ತಕವಾಗಿ ಬಂತು. ಆದರೂ ಅವನ ಮನಸ್ಸಿನಲ್ಲಿ ಸಮತಟ್ಟು ಅಂದರೆ ಭೂಮಿಯ ಮೈಗೆ ಹೊಂದಿಕೊಂಡ ದಾರಿ, ಅಂದರೆ ದೊಡ್ಡ ಲೆಕ್ಕದಲ್ಲಿ ಬಾಗಿದ್ದು. ನೆಟ್ಟಗೆ, ಸರಳ ರೇಖೆಯಲ್ಲಿ ಅಂತ ಖಚಿತವಾಗಿ ಬರೆದದ್ದು ಡೆಕಾರ್ಟ್, 1644ರಲ್ಲಿ. 1687ರಲ್ಲಿ ನ್ಯೂಟನ್ ಅದನ್ನು ತನ್ನ ಮೂರು ನಿಯಮಗಳಲ್ಲಿ ಮೊದಲನೆಯದಾಗಿ ಇಟ್ಟ.

ಮಗುವಿನ ಅನುಭವವೂ ಅರಿಸ್ಟಾಟಲ್‌ನ ಅನುಭವವೂ ಒಂದೇ. ನೆಲದ ಮೇಲೆ ಘರ್ಷಣೆ ಇಲ್ಲದ ಜಾಗವೇ ಇಲ್ಲ.

---

ಲೇತ್ ಮೆಷಿನ್

ನಾನು ಓದಿದ್ದು ಕಡಿಮೆ, ಕೆಲಸ ಮಾಡಿದ್ದು ಜಾಸ್ತಿ. ವರ್ಕ್‌ಶಾಪಿನಲ್ಲಿ ಜಡತ್ವ, ಅಂದರೆ ವಸ್ತು ಇದ್ದ ಹಾಗೇ ಇರಲು ನೋಡುವ ಗುಣ, ದಿನಾ ಕೈಗೆ ಸಿಗುತ್ತದೆ.

ಸುತ್ತಿಗೆಯ ತಲೆ ಸಡಿಲ ಆಯಿತು ಅಂದುಕೊಳ್ಳಿ. ಎಲ್ಲರೂ ಏನು ಮಾಡುತ್ತಾರೆ? ಹಿಡಿಯ ಬುಡವನ್ನು ಕಲ್ಲಿನ ಮೇಲೆ ಕುಟ್ಟುತ್ತಾರೆ. ಹಿಡಿ ಕಲ್ಲಿಗೆ ತಾಗಿ ನಿಲ್ಲುತ್ತದೆ, ಕಬ್ಬಿಣದ ತಲೆ ಕೆಳಗೆ ಬರುತ್ತಿದ್ದದ್ದು ಹಾಗೇ ಇಳಿದು ಹಿಡಿಯಲ್ಲಿ ಬಿಗಿಯಾಗುತ್ತದೆ. ಇದು ಎಲ್ಲರಿಗೂ ಗೊತ್ತು.

ಇನ್ನೊಂದು ವಿಧಾನ ಇದೆ, ಇದನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ. ಸುತ್ತಿಗೆಯನ್ನು ತಲೆಕೆಳಗಾಗಿ ಹಿಡಿಯಿರಿ. ಕಬ್ಬಿಣದ ತಲೆ ಕೆಳಗೆ ಗಾಳಿಯಲ್ಲಿ ತೂಗುತ್ತಿರಲಿ, ಅದಕ್ಕೆ ಯಾವ ಆಸರೆಯೂ ಬೇಡ. ಈಗ ಮೇಲಿರುವ ಹಿಡಿಯ ಬುಡಕ್ಕೆ ಇನ್ನೊಂದು ಸುತ್ತಿಗೆಯಿಂದ ಟಕ್ ಅಂತ ಹೊಡೆಯಿರಿ. ತಲೆ ಕೆಳಗೆ ಉದುರಬೇಕು ಅನ್ನಿಸುತ್ತದೆ, ಅಲ್ವಾ? ಅದು ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪವೇ ಹಿಡಿಯ ಮೇಲಕ್ಕೆ ಹತ್ತುತ್ತದೆ! ನಿಜದಲ್ಲಿ ಭಾರದ ತಲೆ ಇದ್ದಲ್ಲೇ ಇದೆ. ಹಗುರವಾದ ಮರದ ಹಿಡಿ ಏಟಿಗೆ ಅದರೊಳಗೆ ತೂರಿ ಕೆಳಗಿಳಿಯುತ್ತಿದೆ. ಮಕ್ಕಳಿಗೆ ತೋರಿಸುವುದಾದರೆ ಟೀಚರ್, ಹಿಡಿ ಸೀಳಿರಬಾರದು, ಮುಂದೆ ಯಾರೂ ನಿಂತಿರಬಾರದು.

ಹಾಗೇ ಪಂಚಿಂಗ್ ಪ್ರೆಸ್‌ನ ದೊಡ್ಡ ಗಾಲಿ. ಮೋಟರ್ ಚಿಕ್ಕದು, ಅದು ಆ ಭಾರದ ಗಾಲಿಯನ್ನು ನಿಧಾನಕ್ಕೆ ವೇಗಕ್ಕೆ ತರುತ್ತದೆ. ತಗಡು ಕತ್ತರಿಸುವ ಒಂದು ಕ್ಷಣದಲ್ಲಿ ಮೋಟರಿನಿಂದ ಆಗದ ಕೆಲಸವನ್ನು ಗಾಲಿ ಮಾಡಿ ಮುಗಿಸುತ್ತದೆ. ಕರೆಂಟ್ ಹೋದ ಮೇಲೂ ಅದು ಎಷ್ಟೋ ಹೊತ್ತು ತಿರುಗುತ್ತದೆ. ಹೊಸಬರಿಗೆ ಮೊದಲು ಕಲಿಸುವುದು ಇದನ್ನೇ: ಸ್ವಿಚ್ ಆಫ್ ಆಯಿತು ಅಂದ ಮಾತ್ರಕ್ಕೆ ಕೈ ಹಾಕಬೇಡ.

---

ವಾರ್ಡ್ ನಂ. 3

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ಈ ನಿಯಮವನ್ನು ಮಕ್ಕಳಿಗೆ ಕಲಿಸುವಾಗ ದಯವಿಟ್ಟು ಸೀಟ್ ಬೆಲ್ಟಿನ ಲೆಕ್ಕವನ್ನೂ ಸೇರಿಸಿ. ನಾವು ನೋಡುವ ಎಷ್ಟೋ ಗಾಯಗಳು ಮೊದಲ ನಿಯಮದ ಗಾಯಗಳೇ.

ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದರೆ ನಿಲ್ಲುವುದು ಕಾರು. ಒಳಗಿರುವವರು ಅದೇ 50ರಲ್ಲಿ ಮುಂದೆ ಹೋಗುತ್ತಿರುತ್ತಾರೆ. ಅವರನ್ನು ಯಾರೋ ಮುಂದಕ್ಕೆ ಎಸೆದದ್ದಲ್ಲ. ಬೆಲ್ಟ್ ಇದ್ದು, ಕಾರಿನ ಮೂತಿ ನಜ್ಜುಗುಜ್ಜಾಗಿ, ಒಟ್ಟು ಅರ್ಧ ಮೀಟರಿನಲ್ಲಿ ನಿಂತರು ಅಂದುಕೊಳ್ಳಿ. 60 ಕೆ.ಜಿ. ಮನುಷ್ಯನ ಮೇಲೆ ಬೀಳುವ ಸರಾಸರಿ ಬಲ ಸುಮಾರು 11,600 ನ್ಯೂಟನ್, ಅಂದರೆ ಒಂದು ಟನ್ನಿಗಿಂತ ಜಾಸ್ತಿ ಭಾರ. ಬೆಲ್ಟ್ ಅದನ್ನು ಎದೆಗೂಡು, ಭುಜ, ಸೊಂಟದ ಎಲುಬಿನ ಮೇಲೆ ಹರಡುತ್ತದೆ. ಬೆಲ್ಟ್ ಇಲ್ಲದೆ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂ.ಮೀ.ನಲ್ಲಿ ನಿಂತರೆ ಬಲ ಹತ್ತು ಪಟ್ಟು. ಅದೂ ಹಣೆಯಂಥ ಚಿಕ್ಕ ಜಾಗದ ಮೇಲೆ.

ದೇಹದ ಒಳಗೂ ಇದೇ ನಡೆಯುತ್ತದೆ. ಎಲುಬುಗೂಡು ನಿಂತ ಮೇಲೂ ಮೆದುಳು, ಪಿತ್ತಜನಕಾಂಗ (ಲಿವರ್), ಹೃದಯದ ದೊಡ್ಡ ರಕ್ತನಾಳ ಎಲ್ಲ ಒಂದಿಷ್ಟು ಮುಂದೆ ಹೋಗುತ್ತವೆ. ಹೊರಗೆ ಗೀರೂ ಇಲ್ಲದವರಿಗೆ ಒಳಗೆ ರಕ್ತಸ್ರಾವ ಆಗುವುದು ಹೀಗೆ.

ಇನ್ನೊಂದು ಮಾತು, ಇದನ್ನು ಪ್ರತಿ ಅಪ್ಪ ಅಮ್ಮನಿಗೆ ಹೇಳಬೇಕು. "ಮಗು ನನ್ನ ತೊಡೆ ಮೇಲಿದೆ, ಗಟ್ಟಿಯಾಗಿ ಹಿಡಿದಿದ್ದೇನೆ" ಅನ್ನುತ್ತಾರೆ. 10 ಕೆ.ಜಿ. ಮಗು, ಅದೇ 50ರ ವೇಗ, ಅದೇ ಅರ್ಧ ಮೀಟರ್. ಮಗುವನ್ನು ಹಿಡಿದಿಡಲು ಸುಮಾರು 200 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಯಾವ ತೋಳಿನಿಂದಲೂ ಆಗದು. ಎಷ್ಟೇ ಪ್ರೀತಿ ಇದ್ದರೂ ಆಗದು. ಮಕ್ಕಳಿಗೆ ಅವರ ಅಳತೆಯ ಸೀಟ್ ಬೇಕು, ಅದಕ್ಕೆ ಬೆಲ್ಟ್ ಬೇಕು.

ಎದೆ ಮತ್ತು ಸೊಂಟವನ್ನು ಸೇರಿಸಿ ಹಿಡಿಯುವ ಇಂದಿನ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಗೆ ಮಾಡಿಕೊಟ್ಟವರು ಎಂಜಿನಿಯರ್ ನಿಲ್ಸ್ ಬೋಲಿನ್. ಕಂಪನಿ ಆ ಪೇಟೆಂಟನ್ನು ಉಳಿದ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು.

---

ಎಂಜಿನ್ ಡಿಸೈನ್

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೆಲ್ಟನ್ನು ನಿಧಾನಕ್ಕೆ ಎಳೆದರೆ ಬರುತ್ತದೆ, ಗಕ್ಕನೆ ಎಳೆದರೆ ಹಿಡಿದುಕೊಳ್ಳುತ್ತದಲ್ಲ, ಅದರೊಳಗೂ ಜಡತ್ವವೇ ಕೆಲಸ ಮಾಡುವುದು. ಕಾರೇ ಗಕ್ಕನೆ ನಿಂತಾಗಲೂ ಹಿಡಿದುಕೊಳ್ಳಲು ಕೆಲವು ಬೆಲ್ಟ್ ಸುರುಳಿಯ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಗುಂಡು ಬಟ್ಟಲಲ್ಲಿ ಕೂತಿರುತ್ತದೆ. ಕಾರು ಥಟ್ಟನೆ ನಿಧಾನವಾದರೆ ಗುಂಡು ಮುಂದಕ್ಕೆ ಜಾರಿ ಒಂದು ಕೊಂಡಿಯನ್ನು ಎತ್ತುತ್ತದೆ, ಕೊಂಡಿ ಹಲ್ಲುಗಾಲಿಗೆ ಸಿಕ್ಕಿ ಸುರುಳಿ ಲಾಕ್ ಆಗುತ್ತದೆ. ಕರೆಂಟಿಲ್ಲ, ಸೆನ್ಸರ್ ಇಲ್ಲ.

---

ಗಣಿತ ಇಷ್ಟ

ಎಲ್ಲ ಸರಿ, ಆದರೆ ನನ್ನದು ಒಂದು ತಕರಾರು. ನ್ಯೂಟನ್ನನ ಎರಡನೆಯ ನಿಯಮದಲ್ಲಿ ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ (ವೇಗ ಬದಲಾಗುವ ದರ). ಇದರಲ್ಲಿ ಬಲ ಸೊನ್ನೆ ಅಂತ ಹಾಕಿದರೆ ವೇಗೋತ್ಕರ್ಷ ಸೊನ್ನೆ ಬರುತ್ತದೆ, ಅಂದರೆ ವೇಗ ಬದಲಾಗುವುದಿಲ್ಲ. ಮೊದಲ ನಿಯಮ ಹೇಳುವುದೂ ಇದನ್ನೇ. ಎರಡನೆಯ ನಿಯಮದ ಒಂದು ಸಾಲಿನ ಉಪಫಲವನ್ನು ಬೇರೆ ನಿಯಮ ಅಂತ ಯಾಕೆ ಕಲಿಸಬೇಕು?

---

ಹಳೇ ಪುಸ್ತಕ

ಒಪ್ಪುವುದಿಲ್ಲ ಸರ್. ಬಸ್ಸಿನ ನೆಲದ ಮೇಲೆ ಒಂದು ಗುಂಡು ಇಟ್ಟಿದ್ದೀರಿ. ಡ್ರೈವರ್ ಬ್ರೇಕ್ ಹಾಕಿದ. ಗುಂಡು ಮುಂದಕ್ಕೆ ಉರುಳಲು ಶುರುಮಾಡಿತು. ಬಸ್ಸಿನೊಳಗೆ ಕೂತ ನಿಮ್ಮ ಕಣ್ಣಿಗೆ ಅದರ ವೇಗ ಸೊನ್ನೆಯಿಂದ ಏರಿತು. ಅದನ್ನು ಮುಂದಕ್ಕೆ ತಳ್ಳಿದ್ದು ಯಾರು? ಯಾರೂ ಇಲ್ಲ. ಬಲ ಸೊನ್ನೆ, ವೇಗೋತ್ಕರ್ಷ ಸೊನ್ನೆ ಅಲ್ಲ. ನಿಮ್ಮ ಸೂತ್ರ ಬಸ್ಸಿನೊಳಗೆ ಕೈಕೊಟ್ಟಿತು.

ರಸ್ತೆ ಬದಿ ನಿಂತವನಿಗೆ ಏನೂ ವಿಚಿತ್ರ ಕಾಣುವುದಿಲ್ಲ. ಗುಂಡು ಮೊದಲಿನ ವೇಗದಲ್ಲೇ ಹೋಗುತ್ತಿದೆ, ಬಸ್ಸು ಅದರ ಕೆಳಗಿಂದ ಹಿಂದುಳಿಯುತ್ತಿದೆ. ಹಾಗಾದರೆ ಯಾರ ಅಳತೆಯನ್ನು ನಂಬಿ ಎರಡನೇ ನಿಯಮ ಹಾಕಬೇಕು? ಅದನ್ನು ತೀರ್ಮಾನಿಸುವುದೇ ಮೊದಲ ನಿಯಮ. ಬಲ ಬೀಳದ ವಸ್ತು ಎಲ್ಲಿಂದ ನೋಡಿದರೆ ನೆಟ್ಟಗೆ, ಒಂದೇ ವೇಗದಲ್ಲಿ ಹೋಗುತ್ತದೋ ಅಲ್ಲಿ ನಿಂತು ಲೆಕ್ಕ ಮಾಡಿ ಅನ್ನುತ್ತದೆ ಅದು. ಇಂಥದ್ದಕ್ಕೆ ಜಡತ್ವದ ಚೌಕಟ್ಟು ಅನ್ನೋ ಹೆಸರನ್ನು 1885ರಲ್ಲಿ ಜರ್ಮನಿಯ ಲುಡ್ವಿಗ್ ಲಾಂಗೆ ಕೊಟ್ಟರು. ಅಂದರೆ ನ್ಯೂಟನ್ ಬರೆದು ಸುಮಾರು ಇನ್ನೂರು ವರ್ಷದ ಮೇಲೆ.

ಹೈಸ್ಕೂಲಿಗೆ ಇಷ್ಟು ಬೇಡ ಅಂತ ನೀವು ಹೇಳಬಹುದು. ಆದರೆ ಬಸ್ಸಿನ ಗುಂಡು ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ.

---

ಗಣಿತ ಇಷ್ಟ

ಸೂತ್ರ ಎಲ್ಲಿ ಹಾಕಬೇಕು ಅನ್ನೋದು ಸೂತ್ರದೊಳಗೇ ಇರುವುದಿಲ್ಲ. ಹೌದು, ಇದು ಬೇರೆಯೇ ಮಾತು. ಈ ದೃಷ್ಟಿಯಿಂದ ನೋಡಿದರೆ ಮೊದಲ ನಿಯಮಕ್ಕೆ ಅದರದೇ ಜಾಗ ಇದೆ. ಆದರೂ ಪಠ್ಯದಲ್ಲಿ ಹೀಗೆ ಬರೆದಿರುವುದಿಲ್ಲ ಅನ್ನೋದು ನನ್ನ ಬೇಸರ.

---

ಲಾರಿ ಸ್ಟೇರಿಂಗ್

ನಿಮ್ಮ ಬಸ್ಸಿನ ಮಾತು ನೋಡಿ ಬರೆಯುತ್ತಿದ್ದೇನೆ. ತಿರುವಿನಲ್ಲಿ ಲೋಡು ಹೊರಗೆ ಎಳೆಯುತ್ತದೆ, ಇದು ನನ್ನ ಅನುಭವ. ಹಗ್ಗ ಕಿರುಗುಟ್ಟುವುದು ಕೇಳಿಸುತ್ತದೆ. ಹೊರಗೆ ಎಳೆಯುವ ಬಲ ಇಲ್ಲ ಅಂತ ಪುಸ್ತಕದವರು ಹೇಳಿದರೆ ನಂಬುವುದು ಹೇಗೆ?

---

ಎಂಜಿನ್ ಡಿಸೈನ್

ಅಣ್ಣ, ಹಗ್ಗ ಬಿಗಿಯಾಗುವುದು ನೂರಕ್ಕೆ ನೂರು ನಿಜ. ಅದು ಯಾವ ಕಡೆ ಎಳೆಯುತ್ತಿದೆ ಅಂತ ಮಾತ್ರ ಗಮನಿಸಿ. ಲೋಡು ನೆಟ್ಟಗೆ ಹೋಗಬೇಕು ಅನ್ನುತ್ತದೆ, ಲಾರಿ ತಿರುಗುತ್ತಿದೆ. ಲೋಡನ್ನೂ ತಿರುಗಿಸಬೇಕಾದರೆ ಯಾರಾದರೂ ಅದನ್ನು ತಿರುವಿನ ಒಳಬದಿಗೆ ಎಳೆಯಲೇಬೇಕು. ಆ ಕೆಲಸ ಹಗ್ಗದ್ದು. ಹಗ್ಗ ಕಡಿದರೆ ಲೋಡು ಹೋಗುವ ದಾರಿಯನ್ನು ಮೇಲಿನಿಂದ ನೋಡಿದರೆ, ಕಡಿದ ಕ್ಷಣದಲ್ಲಿ ಯಾವ ದಿಕ್ಕಿಗೆ ಹೋಗುತ್ತಿತ್ತೋ ಅದೇ ದಿಕ್ಕಿಗೆ ನೆಟ್ಟಗೆ ಹೋಗಿರುತ್ತದೆ.

ಲಾರಿಯೊಳಗೆ ಕೂತು ಲೆಕ್ಕ ಮಾಡುವುದಾದರೆ ಹೊರಗೆ ಎಳೆಯುವ ಬಲ ಒಂದನ್ನು ಸೇರಿಸಿಕೊಳ್ಳಬಹುದು, ಉತ್ತರ ಸರಿಯಾಗೇ ಬರುತ್ತದೆ. ಎಂಜಿನಿಯರುಗಳು ದಿನಾ ಹಾಗೆ ಮಾಡುತ್ತಾರೆ. ಆದರೆ ಆ ಬಲವನ್ನು ಹಾಕುತ್ತಿರುವ ವಸ್ತು ಯಾವುದು ಅಂತ ಹುಡುಕಿದರೆ ಯಾವುದೂ ಸಿಗುವುದಿಲ್ಲ.

ನಿಮಗೆ ಬೇಕಾದ ಅಂಕಿ ಇಲ್ಲಿದೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿ.ಮೀ. ಹೋದರೆ ಪ್ರತಿ ಟನ್ ಲೋಡಿಗೆ ಒಳಗೆಳೆಯಲು ಸುಮಾರು 4,100 ನ್ಯೂಟನ್ ಬೇಕು. 60ರಲ್ಲಿ ಹೋದರೆ 9,300. ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. 9,300 ಅಂದರೆ ಹೆಚ್ಚುಕಡಿಮೆ ಲೋಡಿನ ತೂಕದಷ್ಟೇ, ಅಷ್ಟು ಹೊತ್ತಿಗೆ ಎತ್ತರದ ಲೋಡಿನ ಲಾರಿ ಮಗುಚಿರುತ್ತದೆ.

---

ಲಾರಿ ಸ್ಟೇರಿಂಗ್

40ಕ್ಕೂ 60ಕ್ಕೂ ಇಷ್ಟು ವ್ಯತ್ಯಾಸ ಅಂತ ಕೈಗೆ ಗೊತ್ತಿತ್ತು, ಯಾಕೆ ಅಂತ ಈಗ ತಿಳಿಯಿತು. ಕ್ಲೀನರ್ ಹುಡುಗನಿಗೆ ಓದಿ ಹೇಳುತ್ತೇನೆ.

---

ಕೊನೇ ಬೆಂಚು

ಇನ್ನೊಂದು ಪ್ರಶ್ನೆ. ಕಿಟಕಿ ಮುಚ್ಚಿದ ಕಾರಿನಲ್ಲಿ ಹೀಲಿಯಂ ಬಲೂನು ದಾರಕ್ಕೆ ಕಟ್ಟಿಟ್ಟರೆ, ಕಾರು ವೇಗ ಏರಿಸಿದಾಗ ನಾವೆಲ್ಲ ಸೀಟಿಗೆ ಒರಗುತ್ತೇವೆ, ಬಲೂನು ಮಾತ್ರ ಮುಂದಕ್ಕೆ ವಾಲುತ್ತದೆ. ವಿಡಿಯೋದಲ್ಲಿ ನೋಡಿದೆ. ಅದಕ್ಕೆ ಜಡತ್ವ ಇಲ್ವಾ?

---

ರಾತ್ರಿ ಆಕಾಶ

ಇದೆ. ಆದರೆ ಅದರ ಸುತ್ತಲಿನ ಗಾಳಿಗೆ ಅದಕ್ಕಿಂತ ಜಾಸ್ತಿ ಇದೆ. ಕಾರು ಮುಂದೆ ಜಿಗಿದಾಗ ಒಳಗಿನ ಗಾಳಿಯೂ ನಿನ್ನ ಹಾಗೆ ಹಿಂದೆ ಉಳಿಯಲು ನೋಡುತ್ತದೆ. ಹಿಂಭಾಗದಲ್ಲಿ ಗಾಳಿಯ ಒತ್ತಡ ಚೂರು ಜಾಸ್ತಿ, ಮುಂಭಾಗದಲ್ಲಿ ಚೂರು ಕಡಿಮೆ. ಆ ವ್ಯತ್ಯಾಸ ಬಲೂನನ್ನು ಮುಂದಕ್ಕೆ ತಳ್ಳುತ್ತದೆ. ಅಷ್ಟೇ ಜಾಗದ ಗಾಳಿಗೆ ಸಾಕಾಗುವ ಆ ತಳ್ಳು, ಅದಕ್ಕಿಂತ ಹಗುರವಾದ ಬಲೂನನ್ನು ಜಾಸ್ತಿಯೇ ಮುಂದೆ ತರುತ್ತದೆ. ನೀರಿನ ಬಾಟಲಿಯನ್ನು ಅಡ್ಡ ಹಿಡಿದು ಮುಂದೆ ದೂಡಿ ನೋಡು, ಒಳಗಿನ ಗುಳ್ಳೆ ಮುಂದಕ್ಕೇ ಓಡುತ್ತದೆ.

ನಾನು ಮೊದಲಿಂದ ಓದುತ್ತಿದ್ದೇನೆ. ಘರ್ಷಣೆ ಇಲ್ಲದ ಜಾಗವೇ ಇಲ್ಲ ಅಂತ ಒಬ್ಬರು ಬರೆದರು. ನೆಲದ ಮೇಲೆ ಇಲ್ಲ, ಮೇಲೆ ಇದೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೂರ್ಯನಿಂದ ದೂರ ಹೋಗುತ್ತಿದೆ. ಅದನ್ನು ಮುಂದೆ ತಳ್ಳುವ ಎಂಜಿನ್ ಯಾವುದೂ ಓಡುತ್ತಿಲ್ಲ. ಆಂಟೆನಾ ಭೂಮಿಯ ಕಡೆ ತಿರುಗಿಸಿಕೊಳ್ಳಲು ಪುಟ್ಟ ಜೆಟ್‌ಗಳಿವೆ, ಅಷ್ಟೇ. ಸೂರ್ಯನ ಸೆಳೆತ ಇನ್ನೂ ಚೂರು ಚೂರು ಹಿಂದಕ್ಕೆ ಎಳೆಯುತ್ತಿದೆ, ಅದಿಲ್ಲದಿದ್ದರೆ ಈ ವೇಗವೂ ಇಳಿಯುತ್ತಿರಲಿಲ್ಲ.

ಆದರೆ ನನಗೆ ವಾಯೇಜರ್‌ಗಿಂತ ಪಯೊನಿಯರ್ ಕಥೆ ಇಷ್ಟ. ಪಯೊನಿಯರ್ 10 ಹೊರಟದ್ದು 1972ರಲ್ಲಿ, 11 ಹೊರಟದ್ದು 1973ರಲ್ಲಿ. ದೂರ ಹೋದ ಮೇಲೆ ಅವುಗಳ ರೇಡಿಯೋ ಸಂಕೇತ ಅಳೆದು ನೋಡಿದರೆ, ಸೂರ್ಯ ಮತ್ತು ಗ್ರಹಗಳ ಸೆಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ವೇಗ ಇರಬೇಕಾದ್ದಕ್ಕಿಂತ ಚೂರು ಕಡಿಮೆ. ಎಷ್ಟು ಚೂರು? ಒಂದು ಇಡೀ ವರ್ಷದಲ್ಲಿ ಸೆಕೆಂಡಿಗೆ ಮೂರು ಸೆಂ.ಮೀ.ಗಿಂತ ಕಡಿಮೆ ವ್ಯತ್ಯಾಸ. ಸೆಕೆಂಡಿಗೆ ಹತ್ತು ಕಿ.ಮೀ.ಗೂ ಮೇಲೆ ಹೋಗುವ ನೌಕೆಯಲ್ಲಿ!

ಇಲ್ಲಿ ಮೊದಲ ನಿಯಮದ ಮೇಲಿನ ನಂಬಿಕೆ ನೋಡಿ. ವೇಗ ಬದಲಾಗಿದೆ, ಅಂದ ಮೇಲೆ ಏನೋ ಒಂದು ಬಲ ಇರಲೇಬೇಕು. ಗುರುತ್ವದ ನಿಯಮವನ್ನೇ ತಿದ್ದಬೇಕೇನೋ ಅಂತ ಕೆಲವರು ಯೋಚಿಸಿದರು. ಹಳೆಯ ದಾಖಲೆಗಳನ್ನು ಹುಡುಕಿ, ನೌಕೆಯ ಬಿಸಿಯನ್ನು ಲೆಕ್ಕ ಹಾಕಿ, 2012ರಲ್ಲಿ ಉತ್ತರ ಬಂತು. ನೌಕೆಯ ಪ್ಲುಟೋನಿಯಂ ವಿದ್ಯುತ್ ಘಟಕ ಮತ್ತು ಉಪಕರಣಗಳ ಬಿಸಿ ಎಲ್ಲ ಕಡೆ ಒಂದೇ ಸಮ ಹೊರಗೆ ಹೋಗುತ್ತಿರಲಿಲ್ಲ. ಸೂರ್ಯನಿಗೆ ವಿರುದ್ಧ ದಿಕ್ಕಿಗೆ ಸ್ವಲ್ಪ ಜಾಸ್ತಿ ಹೋಗುತ್ತಿತ್ತು. ಬಿಸಿ ಹೊರಟ ದಿಕ್ಕಿಗೆ ಎದುರಾಗಿ ನೌಕೆಗೆ ನವಿರಾದ ಒದೆತ. ತನ್ನದೇ ಬಿಸಿ ಅದಕ್ಕೆ ಬ್ರೇಕ್ ಹಾಕುತ್ತಿತ್ತು.

---

ಕೊನೇ ಬೆಂಚು

ಹಾಗಾದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವೇ ಇಲ್ಲ, ಒಂದು ಟನ್ ಪೆಟ್ಟಿಗೆಯನ್ನೂ ಬೆರಳಿನಿಂದ ಓಡಿಸಬಹುದು, ಸರೀನಾ?

---

ರಾತ್ರಿ ಆಕಾಶ

ಬೆರಳಿನಿಂದ ಅಲುಗಿಸಬಹುದು. ಆದರೆ ಬೆರಳು ಒತ್ತಿದಷ್ಟೇ ನಿಧಾನಕ್ಕೆ ಹೊರಡುತ್ತದೆ. ಹೊರಟದ್ದನ್ನು ನಿಲ್ಲಿಸಲೂ ಅಷ್ಟೇ ಹೊತ್ತು ಒತ್ತಬೇಕು. ಅವಸರದಲ್ಲಿ ಗೋಡೆಗೂ ಪೆಟ್ಟಿಗೆಗೂ ನಡುವೆ ಕೈ ಇಟ್ಟರೆ ಜಜ್ಜುತ್ತದೆ. ತೂಕ ಅನ್ನಿಸದಿದ್ದರೂ ಜಡತ್ವ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಿರುವುದಿಲ್ಲ.

ಗಗನಯಾತ್ರಿಗಳ ದ್ರವ್ಯರಾಶಿ ಅಳೆಯುವುದೂ ಇದರಿಂದಲೇ. ಅಲ್ಲಿ ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. 1973ರ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿನಲ್ಲಿ ಸ್ಪ್ರಿಂಗಿಗೆ ಜೋಡಿಸಿದ ಕುರ್ಚಿ ಇತ್ತು. ಕೂತು ಬಿಟ್ಟರೆ ಕುರ್ಚಿ ಹಿಂದೆ ಮುಂದೆ ಆಡುತ್ತದೆ. ದ್ರವ್ಯರಾಶಿ ಜಾಸ್ತಿ ಇದ್ದವರು ನಿಧಾನಕ್ಕೆ ಆಡುತ್ತಾರೆ, ಕಡಿಮೆ ಇದ್ದವರು ಬೇಗ. ಒಂದು ಆಟಕ್ಕೆ ಹಿಡಿದ ಸಮಯದಿಂದ ಕೆ.ಜಿ. ಲೆಕ್ಕ.

ಇದರ ಜೊತೆಗೇ ಇನ್ನೊಂದು. ಗಾಳಿ ಇಲ್ಲದ ಕಡೆ ಭಾರದ್ದೂ ಹಗುರದ್ದೂ ಒಟ್ಟಿಗೆ ಬೀಳುತ್ತವೆ, 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿ ಬಿಟ್ಟು ತೋರಿಸಿದರು. ಸುತ್ತಿಗೆಯ ಮೇಲೆ ಸೆಳೆತ ಜಾಸ್ತಿ. ಆದರೆ ಅದರ ಜಡತ್ವವೂ ಅಷ್ಟೇ ಪಟ್ಟು ಜಾಸ್ತಿ. ಎರಡೂ ಹೀಗೆ ಸರಿಸಮ ಇರುವುದು ಸುಮ್ನೆ ಕಾಕತಾಳೀಯವಲ್ಲ ಅಂತ ಹಿಡಿದುಕೊಂಡೇ ಐನ್‌ಸ್ಟೈನ್ 1915ರಲ್ಲಿ ಹೊಸ ಗುರುತ್ವ ಸಿದ್ಧಾಂತಕ್ಕೆ ತಲುಪಿದರು.

---

ವಿಜ್ಞಾನ ಟೀಚರ್

ಎಲ್ಲರಿಗೂ ವಂದನೆ. 315 ನ್ಯೂಟನ್ ಲೆಕ್ಕ ಬೋರ್ಡಿಗೆ ಹೋಗುತ್ತದೆ, ನರ್ಸ್ ಮೇಡಂ ಬರೆದದ್ದನ್ನು ಪೋಷಕರ ಸಭೆಯಲ್ಲಿ ಓದುತ್ತೇನೆ. ಕೊನೆಯದಾಗಿ ಒಂದು ಸಹಾಯ ಬೇಕು. ಭಾರದ ಕಲ್ಲಿಗೆ ಮೇಲೊಂದು ಕೆಳಗೊಂದು ದಾರ ಕಟ್ಟಿ ನೇತುಹಾಕುವ ಪ್ರಯೋಗ ಮಾಡಿಸಬೇಕು ಅಂತಿದ್ದೇನೆ. ಕೆಳಗಿನ ದಾರವನ್ನು ನಿಧಾನಕ್ಕೆ ಎಳೆದರೆ ಮೇಲಿನದು ಕಡಿಯುತ್ತದೆ, ಗಕ್ಕನೆ ಎಳೆದರೆ ಕೆಳಗಿನದು. "ಜಡತ್ವದಿಂದ" ಅಂತ ಹೇಳಿ ಬಿಟ್ಟರೆ ಮತ್ತೆ ಒಂದೇ ಪದದ ಉತ್ತರ ಆಗುತ್ತದೆ. ಬಿಡಿಸಿ ಹೇಳುವುದು ಹೇಗೆ?

---

ಲೇತ್ ಮೆಷಿನ್

ದಾರ ಕಡಿಯಬೇಕಾದರೆ ಮೊದಲು ಹಿಗ್ಗಬೇಕು ಟೀಚರ್, ಅದನ್ನು ಹಿಡಿದುಕೊಳ್ಳಿ.

ನಿಧಾನಕ್ಕೆ ಎಳೆದಾಗ ಕೆಳಗಿನ ದಾರದ ಮೇಲೆ ನಿಮ್ಮ ಕೈಯ ಎಳೆತ ಮಾತ್ರ. ಮೇಲಿನದರ ಮೇಲೆ ಕೈಯ ಎಳೆತ, ಜೊತೆಗೆ ಕಲ್ಲಿನ ತೂಕ. ಅದಕ್ಕೇ ಮೇಲಿನದು ಮೊದಲು ಹೋಗುತ್ತದೆ.

ಗಕ್ಕನೆ ಎಳೆದಾಗಲೂ ಮೇಲಿನ ದಾರ ಕಡಿಯಬೇಕಾದರೆ ಅದು ಇನ್ನಷ್ಟು ಹಿಗ್ಗಬೇಕು. ಹಿಗ್ಗಬೇಕಾದರೆ ಕಲ್ಲು ಕೆಳಗೆ ಬರಬೇಕು. ಎರಡು ಕೆ.ಜಿ. ಕಲ್ಲು ಅಷ್ಟು ಕೆಳಗೆ ಬರಲು ಸಮಯ ಹಿಡಿಯುತ್ತದೆ. ಆ ಸಮಯ ಸಿಗುವ ಮೊದಲೇ ಕೆಳಗಿನ ದಾರ ತಾಳುವಷ್ಟು ಹಿಗ್ಗಿ ಕಡಿದಿರುತ್ತದೆ.

ಎರಡೂ ದಾರ ಒಂದೇ ಉಂಡೆಯದಾಗಿರಲಿ. ಗಂಟು ಹಾಕಿದ ಕಡೆ ದಾರ ದುರ್ಬಲ ಆಗುತ್ತದೆ, ಹಾಗಾಗಿ ಮೇಲೂ ಕೆಳಗೂ ಒಂದೇ ಥರದ ಗಂಟು ಹಾಕಿ. ಕಲ್ಲಿನ ಕೆಳಗೆ ದಪ್ಪ ದಿಂಬು ಇಡಿ, ಎಳೆಯುವವರ ಕಾಲು ದೂರ ಇರಲಿ. ದಾರ ತೀರಾ ಗಟ್ಟಿ ಇದ್ದರೆ ಮಕ್ಕಳ ಬೆರಳು ಕೊಯ್ಯುತ್ತದೆ, ಕೆಳಗಿನ ತುದಿಗೆ ಒಂದು ಮರದ ಕಡ್ಡಿ ಕಟ್ಟಿ ಅದನ್ನು ಹಿಡಿದು ಎಳೆಯಲಿ.